ಅಪ್ಪ, ಅಮ್ಮನ ಎಳವೆಯ ಫೋಟೊ: ಹಿಂಬದಿಯಿಂದ ನೋಡಲು ಆರಂಭಿಸಿ

ಕೋಲಾರ ಸೀಮೆಯ ಎಷ್ಟೋ ಮನೆಗಳಲ್ಲಿ ಅಪ್ಪ ಅಥವಾ ಅಮ್ಮ ಐದು ವರ್ಷದೊಳಗಿದ್ದಾಗ ತೆಗೆಸಿದ ಫೋಟೊ ಸಿಗುವುದೇ ಅಪರೂಪ. ಆದ್ದರಿಂದ ಟ್ರಂಕಿನ ತಳದಲ್ಲಿ ಒಂದು ಸಿಕ್ಕಿದರೆ, ಅದನ್ನು ಕೂಡಲೇ ಮೊಬೈಲಿನಲ್ಲಿ ಹಿಡಿದು ಬಂಧುಗಳಿಗೆಲ್ಲ ಕಳುಹಿಸುವ ಮೊದಲು ಸಾವಧಾನವಾಗಿ ಪರಿಶೀಲಿಸಬೇಕು.

ಮೊದಲಿಗೆ, ತೊಳೆದು ಒಣಗಿಸಿದ ಕೈಯಿಂದ ಅಂಚನ್ನಷ್ಟೇ ಹಿಡಿಯಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಮೇಲಿನಿಂದಲೇ ಪ್ರತಿ ತೆಗೆದುಕೊಳ್ಳಿ.

ಎರಡನೆಯದಾಗಿ, ಹಿಂಬದಿಯನ್ನು ನೋಡಿ. ಸ್ಟುಡಿಯೊದ ಮುದ್ರೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. 'ಮೈಸೂರು ರಾಜ್ಯ' ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಮೊದಲಿನದಾಗಿರುವ ಸಂಭವವೇ ಹೆಚ್ಚು. ಶಿಡ್ಲಘಟ್ಟ, ಚಿಂತಾಮಣಿಗಳ ವಿಳಾಸದಲ್ಲಿ 'ಕೋಲಾರ ಜಿಲ್ಲೆ' ಎಂದಿರುವುದು ತಪ್ಪಲ್ಲ. ಈ ಊರುಗಳು ಈಗ ಸೇರಿರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಬರಹ ತೆಲುಗು ಲಿಪಿಯಲ್ಲಿದ್ದರೆ ಓದಬಲ್ಲವರಿಂದ ಓದಿಸಿ. ಆದರೆ ಮುದ್ರೆ ಹೇಳುವುದು ಆ ಪ್ರತಿಯ ಕಾಲವನ್ನು ಮಾತ್ರ. ಹಳೆಯ ಫೋಟೊದಿಂದ ಮುಂದೆ ಎಂದೋ ಮಾಡಿಸಿದ ಪ್ರತಿಯೂ ಅದಾಗಿರಬಹುದು.

ಇನ್ನು ಚಿತ್ರವನ್ನು ಗಮನಿಸಿ. ಲಂಗ ತೊಟ್ಟು ಹೂ ಮುಡಿದ ಮಗು ಹೆಣ್ಣೇ ಎಂದು ತೀರ್ಮಾನಿಸಬಾರದು, ಏಕೆಂದರೆ ಮುಡಿ ಕೊಡುವ ಮುನ್ನ ಗಂಡುಮಗುವಿಗೂ ಜಡೆ ಹೆಣೆದು ಫೋಟೊ ತೆಗೆಸುವ ರೂಢಿ ಅನೇಕ ಮನೆಗಳಲ್ಲಿತ್ತು. ಬೆನ್ನ ಹಿಂದೆ ಕನ್ನಡಿಯಿಟ್ಟು ಮೊಗ್ಗಿನ ಜಡೆ ಕಾಣುವಂತೆ ತೆಗೆದಿದ್ದರೆ, ಮಲ್ಲಿಗೆ ಮೊಗ್ಗು ಹೇರಳವಾಗಿ ಸಿಗುವ ಬೇಸಿಗೆಯಿರಬಹುದೆಂದು ಊಹಿಸಬಹುದು. ಸ್ಟುಡಿಯೊದ ಬಣ್ಣದ ಪರದೆ, ಕುರ್ಚಿಗಳಿಂದ ಮನೆಯ ಸ್ಥಿತಿಗತಿಯನ್ನು ಅಳೆಯಲಾಗದು. ಕೊರಳಿನ ಸರವೂ ನೆರೆಮನೆಯದಿದ್ದೀತು. ನನ್ನ ಮಟ್ಟಿಗೆ ಮನೆಯಂಗಳದ ಫೋಟೊವೇ ಹೆಚ್ಚು ಬೆಲೆಯುಳ್ಳದ್ದು: ಗೋಡೆಗೆ ಒರಗಿಸಿದ ಚಂದ್ರಿಕೆಯೊಂದು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಕಂಡರೂ ಆ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರೆಂದು ತಿಳಿಯುತ್ತದೆ.

ನಾಲ್ಕನೆಯ ಹಂತವೇ ಎಲ್ಲಕ್ಕಿಂತ ಮುಖ್ಯ, ಅದನ್ನು ಮುಂದೂಡಲೂ ಬಾರದು. ಎರಡು ಮೂರು ವರ್ಷದ ಮಗುವಾಗಿದ್ದಾಗಿನ ಸಂಗತಿ ಸ್ವತಃ ಅಮ್ಮನಿಗೆ ನೆನಪಿರುವುದಿಲ್ಲ. ಅವರನ್ನು ಸೊಂಟದ ಮೇಲೆ ಹೊತ್ತು ತಿರುಗಿದ ದೊಡ್ಡಮ್ಮ, ಸೋದರಮಾವಂದಿರಿಗೆ ನೆನಪಿರುತ್ತದೆ. ಅವರನ್ನು 'ಇದು ಯಾವ ವರ್ಷ?' ಎಂದು ಕೇಳಬೇಡಿ. 'ದೊಡ್ಡಮ್ಮ, ಈ ಜಗುಲಿ ಯಾರ ಮನೆಯದು? ಈ ಲಂಗ ಹೊಲಿದವರು ಯಾರು? ಆಗ ಮಾವ ಹುಟ್ಟಿದ್ದರಾ?' ಎಂದು ಕೇಳಿ. ಹಿರಿಯರು ಕಾಲವನ್ನು ಲೆಕ್ಕ ಹಾಕುವುದು ಹುಟ್ಟು, ಮದುವೆ, ಬರಗಾಲಗಳಿಂದ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಅವರವರ ಹೆಸರಿನೊಂದಿಗೆ ಬರೆದಿಡಿ. ಪಕ್ಕದಲ್ಲಿ ನಿಂತ ಮಗು ಬದುಕಿ ಉಳಿಯದೆ ಹೋಗಿದ್ದಿರಬಹುದು; ಹಿರಿಯರು ಮೌನವಾದರೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಿ.

ಕೊನೆಗೆ ಎರಡೂ ಬದಿಗಳನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ; ಅಂಗೈಗಿಂತ ಚಿಕ್ಕದಾದರೆ 1200 ಇರಲಿ. ಹಿಂಬದಿಯಲ್ಲಿ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್ ಸಾಕು, ಪೆನ್ನು ಬೇಡ. ಅಂಟು ಹಾಳೆಯ ಆಲ್ಬಮ್‌ನಲ್ಲಿ ಫೋಟೊ ಹಾಳಾಗುವುದರಿಂದ ಕಾಗದದ ಲಕೋಟೆಯಲ್ಲಿಟ್ಟು, ತೇವ ತಾಗದ ಬೀರುವಿನಲ್ಲಿಡಿ. ಒಂದು ಪ್ರತಿಯನ್ನು ದೊಡ್ಡದಾಗಿ ಮುದ್ರಿಸಿ ದೊಡ್ಡಮ್ಮನಿಗೂ ಕೊಡಿ. ಅದನ್ನು ನೋಡುತ್ತ ಅವರಿಗೆ ಮತ್ತೆ ನೆನಪಾಗುವ ಹೆಸರುಗಳನ್ನು ಮುಂದಿನ ಭೇಟಿಯಲ್ಲಿ ಕೇಳಿ ಸೇರಿಸಿಕೊಳ್ಳಬಹುದು.