ಪಾನಾ ಹುಡುಕಬೇಡಿ, ನಟ್ ಹುಡುಕಿ: ಹಳೆಯ ಗ್ಯಾರೇಜು ಉಪಕರಣಗಳನ್ನು ಗುರುತಿಸಿದ ನನ್ನ ಅನುಭವ

ಹೆಸರು ಅಳಿಸಿಹೋದ ಹಳೆಯ ಮೋಟಾರು ಉಪಕರಣವೊಂದು ಕೈಗೆ ಸಿಕ್ಕರೆ ನಮ್ಮಲ್ಲಿ ಹೆಚ್ಚಿನವರು ಅದರ ಫೋಟೋ ತೆಗೆದು, ಅದರಂತೆಯೇ ಕಾಣುವ ಇನ್ನೊಂದು ಉಪಕರಣವನ್ನು ಕ್ಯಾಟಲಾಗುಗಳಲ್ಲಿ ಹುಡುಕಲು ಕೂರುತ್ತಾರೆ. ನನ್ನ ವಿಧಾನ ಇದಕ್ಕೆ ತದ್ವಿರುದ್ಧವಾದದ್ದು. ಉಪಕರಣವನ್ನು ಬದಿಗಿಟ್ಟು, ಅದು ಹಿಡಿಯುತ್ತಿದ್ದ ನಟ್ಟನ್ನೋ ಬುಷ್ಷನ್ನೋ ಸ್ಪ್ರಿಂಗನ್ನೋ ನಾನು ಮೊದಲು ಹುಡುಕುತ್ತೇನೆ. ಅದಕ್ಕಾಗಿ ಉಪಕರಣದ ಬಾಯಿಯ ಅಚ್ಚು ತೆಗೆಯುತ್ತೇನೆ. ಈ ಮಾತನ್ನು ಮೊದಲ ಸಲ ಹೇಳಿದಾಗ ನಮ್ಮ ಬಳಗದ ಹಿರಿಯ ಮೇಸ್ತ್ರಿಯೊಬ್ಬರು, "ಇದು ಹಲ್ಲಿನ ಡಾಕ್ಟರ ಕೆಲಸ ಕಣಪ್ಪ, ಗ್ಯಾರೇಜಿನವರ ಕೆಲಸ ಅಲ್ಲ" ಎಂದಿದ್ದರು. ಇಂದು ನನ್ನ ಷೆಡ್ಡಿನ 'ಗೊತ್ತಿಲ್ಲ' ಡಬ್ಬಿಯಲ್ಲಿದ್ದ ಸಾಮಾನುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಹೆಸರು ಸಿಕ್ಕಿದೆ, ಮತ್ತು ಅದೇ ಮೇಸ್ತ್ರಿಯವರು ತಮಗೆ ತಿಳಿಯದ ಸಾಮಾನನ್ನು ಈಗ ನನ್ನ ಬಳಿಗೆ ಕಳಿಸುತ್ತಾರೆ. ಆದ್ದರಿಂದ ಇದನ್ನು ಬರೆದಿಡುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಬೆಂಗಳೂರಿನ ಗುಜರಿಯಲ್ಲಿ ಈ ಕೆಲಸ ಬೇರೆ ಊರುಗಳಿಗಿಂತ ಕಠಿಣವಾಗಿರುವುದಕ್ಕೆ ಕಾರಣವಿದೆ. ದಂಡು ಪ್ರದೇಶದ ಮೂಲಕ ಬ್ರಿಟಿಷ್ ಉಪಕರಣಗಳು ಬಂದವು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧದ ನಡುವೆ ಅಮೆರಿಕದ ವಾಯುಪಡೆ ತನ್ನ ದುರಸ್ತಿ ಡಿಪೋ ಮಾಡಿಕೊಂಡಿದ್ದರಿಂದ ಅಮೆರಿಕದ ಉಪಕರಣಗಳೂ ಇಲ್ಲಿಗೆ ಸೇರಿದವು. ಮುಂದೆ ಮುಂಬೈಯ ಫಿಯೆಟ್ ಕಾರುಗಳು, 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕುಗಳು ಮತ್ತು ಆಡುಗೋಡಿಯ ಮೈಕೊ (ಬಾಷ್‌ನ ಭಾರತೀಯ ಕಂಪನಿ) ಡೀಸೆಲ್ ಪಂಪುಗಳು ಮೆಟ್ರಿಕ್ ಅಳತೆಯ ಸಾಮಾನುಗಳನ್ನು ತಂದವು. ಸಂಡೆ ಬಜಾರಿನಲ್ಲಿ ಕೊಂಡ ಒಂದೇ ಗೋಣಿಚೀಲದಲ್ಲಿ ಈ ಮೂರೂ ಬಗೆಯವು ಬೆರೆತಿರುತ್ತವೆ. ವಿಮಾನದ ಪಾನಾವನ್ನು ಕಾರಿನದೆಂದು ತಿಳಿದು ಹುಡುಕಿದರೆ ಎಷ್ಟು ವರ್ಷವಾದರೂ ಉತ್ತರ ಸಿಗುವುದಿಲ್ಲ.

ಹಣದ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಗುರುತಿಲ್ಲದ ಸಾಮಾನನ್ನು ತೂಕದ ಲೆಕ್ಕದಲ್ಲಿಯೇ ಕೊಳ್ಳಬೇಕು. ನಾನು ಕಿಲೋಗೆ ಎಪ್ಪತ್ತರಿಂದ ನೂರು ರೂಪಾಯಿವರೆಗೆ ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಕೇಳಿದ ಚೀಲಗಳನ್ನು ಬಿಟ್ಟು ಬಂದಿದ್ದೇನೆ. ಮೊದಲ ಎರಡು ಮೂರು ವರ್ಷಗಳಲ್ಲಿ ಸುಮಾರು ನಲವತ್ತು ಸಾವಿರ ಖರ್ಚಾಗಿ, ಅದರಲ್ಲಿ ಅರ್ಧದಷ್ಟೂ ಹಿಂದಿರುಗಿರಲಿಲ್ಲ. ಆ ಖರ್ಚಿನಲ್ಲಿ ದೊಡ್ಡ ಪಾಲು ಉಪಕರಣಗಳದ್ದಲ್ಲ. ಹಳೆಯ ಸರ್ವಿಸ್ ಮ್ಯಾನುಯಲ್‌ಗಳ ಜೆರಾಕ್ಸ್, ಒಳ್ಳೆಯ ವರ್ನಿಯರ್ ಕ್ಯಾಲಿಪರ್, ಬೋಲ್ಟಿನ ಹಲ್ಲು ಅಳೆಯುವ ಥ್ರೆಡ್ ಗೇಜುಗಳು ಮತ್ತು ವ್ಯರ್ಥವಾದ ಅಚ್ಚಿನ ಸಾಮಗ್ರಿಗಳಿಗೆ ಅದು ಹೋಯಿತು. ಥ್ರೆಡ್ ಗೇಜಿನ ಹಣ ಮಾತ್ರ ಮೊದಲ ತಿಂಗಳೇ ಹುಟ್ಟಿತು.

ತುಕ್ಕು ತೆಗೆಯುವುದು ನಿಮಗೆಲ್ಲ ತಿಳಿದದ್ದೇ. ನನ್ನದು ವಾಷಿಂಗ್ ಸೋಡಾ ನೀರು ಮತ್ತು ಹಳೆಯ ಬ್ಯಾಟರಿ ಚಾರ್ಜರ್: ಉಪಕರಣಕ್ಕೆ ನೆಗೆಟಿವ್, ಕಟ್ಟಡದ ಕಬ್ಬಿಣದ ತುಂಡಿಗೆ ಪಾಸಿಟಿವ್, ಗಾಳಿಯಾಡುವ ಜಾಗದಲ್ಲಿ ಒಂದು ರಾತ್ರಿ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಮಂಡ್ಯದ ಕಡೆಯಿಂದ ಕಾಕಂಬಿ ತರಿಸಿ, ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿಯೂ ನೋಡಿದ್ದೇನೆ. ಅದು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ ಮತ್ತು ಮನೆಯವರು ಸಹಿಸಲಾಗದಷ್ಟು ವಾಸನೆ ಬರುತ್ತದೆ. ಆದರೆ ಸ್ಪ್ರಿಂಗ್ ಇರುವ ಇಕ್ಕಳಗಳಿಗೆ ಇಂದಿಗೂ ಅದನ್ನೇ ಬಳಸುತ್ತೇನೆ, ಏಕೆಂದರೆ ಗಟ್ಟಿ ಸ್ಪ್ರಿಂಗನ್ನು ವಿದ್ಯುತ್ ನೀರಿನಲ್ಲಿಟ್ಟರೆ ಹೈಡ್ರೋಜನ್ ಒಳಸೇರಿ ಅದು ಪಟ್ಟನೆ ಮುರಿಯುವ ಭಯವಿದೆ. ಆ್ಯಸಿಡ್ಡಿನ ದಾರಿ ಹಿಡಿಯಬೇಡಿ. ತುಕ್ಕಿನ ಜೊತೆ ತೆಳುವಾದ ಅಕ್ಷರವೂ ಹೋಗುತ್ತದೆ.

ಆದರೆ ಈ ಎಲ್ಲಕ್ಕಿಂತ ಮೊದಲು, ಉಪಕರಣ ಇನ್ನೂ ಕೊಳಕಾಗಿರುವಾಗಲೇ, ಅದರ ಸವೆತವನ್ನು ನೋಡಬೇಕು. ಯಾವ ಮೈ ಹೊಳೆಯುತ್ತಿದೆ, ಯಾವ ಅಂಚು ಮಡಚಿಕೊಂಡಿದೆ, ಸುತ್ತಿಗೆಯ ಏಟು ಎಲ್ಲಿ ಬಿದ್ದಿದೆ ಎಂಬುದನ್ನು ಬರೆದಿಟ್ಟುಕೊಂಡ ಮೇಲೆಯೇ ಅದು ನೀರಿಗೆ ಇಳಿಯಬೇಕು. ತೊಳೆದ ಉಪಕರಣದಲ್ಲಿ ಹೊಳಪೆಲ್ಲ ಒಂದೇ ಬಣ್ಣವಾಗಿ, ಅರ್ಧ ಸಾಕ್ಷ್ಯ ಕಳೆದುಹೋಗಿರುತ್ತದೆ.

ಅಕ್ಷರ ಸಿಕ್ಕರೆ ಕೆಲಸ ಹಗುರ. ಟಾರ್ಚನ್ನು ಮೈಗೆ ಒರಗಿಸಿದಂತೆ ಅಡ್ಡಲಾಗಿ ಹಿಡಿದು ನೋಡುವುದು ಎಲ್ಲರಿಗೂ ಗೊತ್ತು; ಅದಕ್ಕೆ ಮುಂಚೆ ನಾನು ಒಂದು ಪುಡಿ ಸವರುತ್ತೇನೆ, ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ತಯಾರಕರ ಹೆಸರಿಗಿಂತ ಸಂಖ್ಯೆಯ ಮುಂದಿನ ಅಕ್ಷರಗಳೇ ಹೆಚ್ಚು ಉಪಯುಕ್ತ. 18ಜಿ ಎಂದು ಆರಂಭವಾದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿ.ಎಂ.ಸಿ.) ಕಾರುಗಳ ಸರ್ವಿಸ್ ಉಪಕರಣ, ಅಂದರೆ ಮೋರಿಸ್, ಆಸ್ಟಿನ್ ಮತ್ತು ನಮ್ಮ ಅಂಬಾಸಿಡರ್‌ನ ಸಂಬಂಧಿ. ಜೆ ಎಂದಿದ್ದರೆ ಜನರಲ್ ಮೋಟಾರ್ಸ್‌ಗಾಗಿ ಕೆಂಟ್-ಮೂರ್ ಮಾಡಿದ್ದು, ಸಿ ಎಂದಿದ್ದರೆ ಕ್ರೈಸ್ಲರ್‌ಗಾಗಿ ಮಿಲ್ಲರ್ ಮಾಡಿದ್ದು ಆಗಿರುವ ಸಂಭವ ಹೆಚ್ಚು. ಕೆಡಿಇಪಿ ಎಂದಿದ್ದರೆ ಕಾರುಗಳನ್ನು ಮರೆತು ಬಾಷ್ ಡೀಸೆಲ್ ಪಂಪಿನ ಕಡೆಗೆ ಹೋಗಬೇಕು. ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂದು ಹೇಳುತ್ತದೆಯೇ ಹೊರತು ಯಾವ ಗಾಡಿಯದೆಂದು ಹೇಳುವುದಿಲ್ಲ. ಲೇಪನವನ್ನೂ ಗಮನಿಸಿ: ಹಳದಿ ಛಾಯೆಯ ನಿಕ್ಕಲ್ ಸಾಮಾನ್ಯವಾಗಿ ಹಳೆಯದು, ನೀಲಿ ಛಾಯೆಯ ಕ್ರೋಮ್ 1920ರ ದಶಕದ ಕೊನೆಯಿಂದ ಈಚಿನದು. ಅಮೆರಿಕದ ಒಳ್ಳೆಯ ತಯಾರಿಕೆಯ ಪಾನಾ ಯಾವ ಹೊಳಪೂ ಇಲ್ಲದೆ ಕಪ್ಪಗಿದ್ದರೆ, ಕ್ರೋಮಿಯಂ ಮತ್ತು ನಿಕ್ಕಲ್‌ಗೆ ಕಡಿವಾಣವಿದ್ದ ಯುದ್ಧಕಾಲದ್ದೆಂದು ನಾನು ಮೊದಲು ಶಂಕಿಸುತ್ತೇನೆ.

ಅಳತೆಯಲ್ಲಿ ಜನ ಸೋಲುವುದು ಬ್ರಿಟನ್ನಿನ ಹಳೆಯ ಇಂಚು ಅಳತೆಯಾದ ವಿಟ್‌ವರ್ತ್ ಪಾನಾಗಳ ಮುಂದೆ. ಅಮೆರಿಕದ ಪಾನಾದ ಮೇಲಿರುವ ಸಂಖ್ಯೆ ಬಾಯಿಯ ಅಗಲ. ವಿಟ್‌ವರ್ತ್ ಪಾನಾದ ಮೇಲಿರುವುದು ಬೋಲ್ಟಿನ ದಪ್ಪ. ಹಾಗಾಗಿ 1/2 (ಇಂಚು) ಎಂದು ಕೆತ್ತಿದ ಒಂದು ಪಾನಾದ ಬಾಯಿ 12.7 ಮಿ.ಮೀ. ಇದ್ದರೆ, ಅದೇ ಸಂಖ್ಯೆಯ ಇನ್ನೊಂದರ ಬಾಯಿ 23.4 ಮಿ.ಮೀ. ಇರುತ್ತದೆ. ಇದರ ಮೇಲೆ, ಯುದ್ಧಕಾಲದಲ್ಲಿ ಬ್ರಿಟನ್ ಉಕ್ಕು ಉಳಿಸಲು ವಿಟ್‌ವರ್ತ್ ನಟ್ಟಿನ ತಲೆಯನ್ನು ಒಂದು ಮೆಟ್ಟಿಲು ಚಿಕ್ಕದು ಮಾಡಿ ಬಿ.ಎಸ್.ಎಫ್. (ಬ್ರಿಟನ್ನಿನ ಸಣ್ಣ ಹಲ್ಲಿನ ಥ್ರೆಡ್) ಅಳತೆಗೆ ಸೇರಿಸಿದ್ದರಿಂದ, ಯುದ್ಧಕ್ಕೆ ಮುಂಚಿನ ಮತ್ತು ನಂತರದ ನಟ್ಟುಗಳು ಒಂದೇ ಹೆಸರಿನಲ್ಲಿ ಎರಡು ಅಗಲಗಳಾಗಿ ನಿಂತವು. ನಾನು ಗೋಡೆಗೆ ಅಂಟಿಸಿರುವ ಈ ಪಾನಾಗಳ ಬಾಯಿಯ ಅಗಲದ ಪಟ್ಟಿ ಮಿಲಿಮೀಟರಿನಲ್ಲಿದೆ: 11.3, 13.3, 15.2, 18.0, 20.8, 23.4. ಇವುಗಳಲ್ಲಿ 13.3 ಎಂಬುದು ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಸಿಕ್ಕಿಹಾಕಿಕೊಂಡಿರುವುದರಿಂದ ಎಷ್ಟೋ ಒಳ್ಳೆಯ ಪಾನಾಗಳನ್ನು 'ಸವೆದ ಹದಿಮೂರು' ಎಂದು ಎಸೆದಿದ್ದಾರೆ. 8.2 ಮಿ.ಮೀ. ಬಾಯಿಯ ತೆಳುವಾದ ಪುಟ್ಟ ಪಾನಾ ಸಿಕ್ಕರೆ ಅದು 2 ಬಿ.ಎ. (ಬ್ರಿಟನ್ನಿನ ಸಣ್ಣ ಸ್ಕ್ರೂಗಳ ಅಳತೆ), ಕಾರುಗಳ ಲೂಕಸ್ ಕಂಪನಿಯ ವಿದ್ಯುತ್ ಸಾಮಾನುಗಳದ್ದು, ಅದನ್ನು ಬಿಡಬೇಡಿ.

ಇಷ್ಟಕ್ಕೂ ಮಣಿಯದ ಸಾಮಾನುಗಳಿಗಾಗಿಯೇ ಅಚ್ಚಿನ ವಿಧಾನ ಹುಟ್ಟಿದ್ದು. ಮೊದಲು ಮೇಣದಬತ್ತಿಯ ಮೇಣ ಸುರಿದೆ. ಅದು ಆರುವಾಗ ಕುಗ್ಗಿ ಅಳತೆ ನಂಬಲಾಗದಂತೆ ಬಂತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ. ಒಳಗೇ ಕಚ್ಚಿಕೊಂಡ ಅದನ್ನು ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು. ಹಲ್ಲಿನ ಅಚ್ಚಿಗೆ ಬಳಸುವ ಅಗ್ಗದ ಆಲ್ಜಿನೇಟ್ ಪುಡಿ ಮೊದಲಿಗೆ ಅದ್ಭುತವಾಗಿ ಕಂಡಿತು, ಆದರೆ ಒಣಗುತ್ತ ಬಂದಂತೆ ಗಂಟೆಯೊಳಗೇ ಕಿರಿದಾಗತೊಡಗಿತು. ಕೊನೆಗೆ ಕೈಹಿಡಿದದ್ದು ದಂತವೈದ್ಯರ ಸಿಲಿಕೋನ್ ಪುಟ್ಟಿ. ಎರಡು ಡಬ್ಬಿಗಳ ಜೋಡಿಗೆ ಆಗ ಸುಮಾರು ಎರಡು ಸಾವಿರ ಕೊಟ್ಟಿದ್ದೆ, ಮತ್ತು ಬಳಗದವರು ಆ ಬೆಲೆ ಕೇಳಿಯೇ ತಲೆಯಾಡಿಸಿದ್ದರು. ಅದು ಕುಗ್ಗುವುದಿಲ್ಲ, ಲೋಹಕ್ಕೆ ಅಂಟುವುದಿಲ್ಲ, ಒಳಗೆ ಕೊಕ್ಕೆಯಿದ್ದರೂ ಬಾಗಿ ಹೊರಬರುತ್ತದೆ.

ಅಚ್ಚು ವರ್ನಿಯರಿಗಿಂತ ಏಕೆ ಮೇಲು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪಾನಾದ ಬಾಯಿಯ ಅಂಚು ಸವೆದಿರುತ್ತದೆ, ಆದರೆ ನಟ್ ತಲುಪದ ಆಳದಲ್ಲಿ ಕಾರ್ಖಾನೆಯಿಂದ ಬಂದ ದಿನದ ಆಕಾರವೇ ಉಳಿದಿರುತ್ತದೆ. ವರ್ನಿಯರಿನ ದವಡೆ ಅಲ್ಲಿಗೆ ಹೋಗುವುದಿಲ್ಲ, ಪುಟ್ಟಿ ಹೋಗುತ್ತದೆ. ಗಟ್ಟಿಯಾದ ಅಚ್ಚನ್ನು ಬ್ಲೇಡಿನಿಂದ ತೆಳುವಾದ ಬಿಲ್ಲೆಯಾಗಿ ಕತ್ತರಿಸಿ, ಸ್ಕ್ಯಾನರಿನ ಮೇಲೆ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಕೋನಗಳನ್ನೂ ಅಳೆಯಬಹುದು. ಎಷ್ಟು ಆಳದಲ್ಲಿ ಕತ್ತರಿಸಬೇಕೆಂದು ನಾನು ಹೇಗೆ ನಿರ್ಧರಿಸುತ್ತೇನೆ ಎಂಬುದು ಮಾತ್ರ ನನ್ನಲ್ಲಿಯೇ ಇರಲಿ. ನಾಲ್ಕು ಅಚ್ಚು ಹಾಳುಮಾಡಿದವರಿಗೆ ಅದು ತಾನಾಗಿಯೇ ತಿಳಿಯುತ್ತದೆ.

ಎಲ್ಲರ ಬಾಯಿ ಮುಚ್ಚಿಸಿದ್ದು ದಪ್ಪ ಕೊಳವೆಯಂತಹ ಒಂದು ಉಪಕರಣ. ಒಂದೂವರೆ ಕಿಲೋ ಹತ್ತಿರ ತೂಗುತ್ತಿತ್ತು, ಒಂದು ತುದಿಯಲ್ಲಿ ಅಡ್ಡ ಸರಳು ತೂರಿಸುವ ರಂಧ್ರಗಳಿದ್ದವು, ಇನ್ನೊಂದು ತುದಿ ನೋಡಲು ಬರೀ ದುಂಡಗಿತ್ತು. ಒಬ್ಬರು ಅದನ್ನು ಬುಷ್ ಹೊಡೆಯುವ ಡ್ರಿಫ್ಟ್ ಎಂದರು, ಇನ್ನೊಬ್ಬರು ಮೋಟಾರು ಸಾಮಾನೇ ಅಲ್ಲ, ಬೋರ್‌ವೆಲ್ ಪೈಪಿನದು ಎಂದು ಖಚಿತವಾಗಿ ಹೇಳಿದರು. ಅಚ್ಚಿನ ಬಿಲ್ಲೆಯಲ್ಲಿ ಮಸುಕಾದ ಮೂಲೆಗಳು ಕಂಡವು, ಕೋನ ಅಳೆದಾಗ ಹೆಚ್ಚುಕಡಿಮೆ 135 ಡಿಗ್ರಿ ಬಂತು. ಆರುಮುಖದ ನಟ್ಟಾಗಿದ್ದರೆ 120 ಇರಬೇಕಿತ್ತು, ಇದು ಎಂಟುಮುಖ. ಎಂಟುಮುಖದ ದೊಡ್ಡ ನಟ್ ಎಂದೊಡನೆ ನನ್ನ ಮನಸ್ಸು ಬಿ.ಎಂ.ಸಿ.ಯ ಬ್ಯಾಂಜೋ (ನಡುವೆ ಬ್ಯಾಂಜೋ ವಾದ್ಯದಂತೆ ದುಂಡಗಿರುವ) ಹಿಂದಿನ ಆಕ್ಸಲ್‌ನ ಹಬ್ ನಟ್ಟಿನ ಕಡೆಗೆ ಹೋಯಿತು. ಸವೆತದ ಟಿಪ್ಪಣಿ ಅದಕ್ಕೆ ಬಲ ಕೊಟ್ಟಿತು. ಸಾಮಾನ್ಯ ಪಾನಾದಲ್ಲಿ ಬಿಚ್ಚುವ ದಿಕ್ಕಿನ ಮೈ ಬಹಳ ಹೆಚ್ಚು ಸವೆದಿರುತ್ತದೆ, ಏಕೆಂದರೆ ಹಿಡಿದುಕೊಂಡ ನಟ್ಟಿನ ಮೇಲೆಯೇ ಮೇಸ್ತ್ರಿಯ ಬಲವೆಲ್ಲ ಬೀಳುತ್ತದೆ; ಇಲ್ಲಿ ಎರಡೂ ದಿಕ್ಕುಗಳು ಸಮನಾಗಿ ಸವೆದಿದ್ದವು. ಆ ಆಕ್ಸಲ್‌ನಲ್ಲಿ ಎಡಗಡೆಯ ಹಬ್ಬಿಗೆ ಉಲ್ಟಾ ಥ್ರೆಡ್ ಇರುವುದರಿಂದ ಎರಡು ಬದಿಗಳನ್ನು ಎರಡು ದಿಕ್ಕಿಗೆ ಬಿಚ್ಚಬೇಕು, ಹಾಗಾಗಿ ಸವೆತ ಹೀಗೆಯೇ ಇರಬೇಕು. ಅಚ್ಚಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಬಿಚ್ಚಿಹಾಕಿದ್ದ ಆಕ್ಸಲ್‌ಗಳಿಗೆ ಹೋಲಿಸುತ್ತ ಹೋದೆ, ನಟ್ ಸಿಕ್ಕಿತು. ಉಪಕರಣವನ್ನು ಅದರ ಮೇಲೆ ಕೂರಿಸಿದಾಗ ಅಲುಗಾಟವೇ ಇರಲಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಈ ನಟ್ಟನ್ನು ಉಳಿ ಸುತ್ತಿಗೆಯಿಂದ ಹೊಡೆದು ಬಿಚ್ಚುವುದನ್ನೇ ನೋಡಿದ್ದವರಿಗೆ ಇದಕ್ಕೊಂದು ಪಾನಾ ಇದೆಯೆಂಬ ನಂಬಿಕೆಯೇ ಇರಲಿಲ್ಲ. ತೂಕದ ಲೆಕ್ಕದಲ್ಲಿ ನೂರೈವತ್ತಕ್ಕಿಂತ ಕಡಿಮೆ ಬೆಲೆಗೆ ಬಂದ ಸಾಮಾನಿಗೆ ಹಳೆಯ ಕಾರಿನ ಮಾಲೀಕರೊಬ್ಬರು ಮೂರು ಸಾವಿರ ಕೊಡಲು ಬಂದರು, ನಾನು ಮಾರಲಿಲ್ಲ.

ಎರಡನೆಯದು ಇಕ್ಕಳದಂತೆ ಕಾಣುವ, ಕವಲೊಡೆದ ಎರಡು ನಾಲಗೆಗಳಿದ್ದ ಉಪಕರಣ. ಹಿಡಿಯನ್ನು ಒತ್ತಿದರೆ ಬಾಯಿ ಮುಚ್ಚುವ ಬದಲು ತೆರೆಯುತ್ತಿತ್ತು, ಮತ್ತು ತೆರೆದ ಸ್ಥಿತಿಯಲ್ಲಿ ಹಿಡಿದಿಡಲು ಹಲ್ಲುಪಟ್ಟಿ ಇತ್ತು. ಹೊಳಪು ನಾಲಗೆಗಳ ಹೊರಮೈಯಲ್ಲಿ ಮಾತ್ರ ಇದ್ದುದರಿಂದ ಇದು ಹಿಡಿಯುವ ಸಾಧನವಲ್ಲ, ಎತ್ತುವ ಸಾಧನ ಎಂದು ತಿಳಿಯಿತು. ವಾಲ್ವುಗಳು ಬ್ಲಾಕಿನೊಳಗೆ ಸಿಲಿಂಡರಿನ ಪಕ್ಕದಲ್ಲಿರುವ ಸೈಡ್-ವಾಲ್ವ್ ಎಂಜಿನ್ನಿನಲ್ಲಿ ಸ್ಪ್ರಿಂಗನ್ನು ಮೇಲಕ್ಕೆ ಎತ್ತಿ ಹಿಡಿಯಲು ಇಂತಹದೇ ಬೇಕು. ವಿಲ್ಲಿಸ್ ಜೀಪಿನ 2.2 ಲೀಟರ್ ಎಂಜಿನ್ನೊಂದರಲ್ಲಿ ಪರೀಕ್ಷಿಸಿದೆ. ಕವಲು ಸ್ಪ್ರಿಂಗಿನ ಬಿಲ್ಲೆಯ ಕೆಳಗೆ ಸರಿಯಾಗಿ ಕೂತಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಗ್ರೈಂಡರಿಗೆ ಹಿಡಿದು ಕಿಡಿ ನೋಡುವ ಪರೀಕ್ಷೆಯಿಂದ ಸಾದಾ ಕಾರ್ಬನ್ ಉಕ್ಕನ್ನು ಮಿಶ್ರ ಉಕ್ಕಿನಿಂದ ಬೇರ್ಪಡಿಸಬಹುದು, ಆದರೆ ಉಪಕರಣದ ಮೇಲೆ ಗಾಯ ಉಳಿಯುತ್ತದೆ. ಬೆಲೆಬಾಳುವುದರ ಮೇಲೆ ನಾನು ಈಗ ಮಾಡುವುದಿಲ್ಲ. ದಾರದಲ್ಲಿ ತೂಗುಹಾಕಿ ತಟ್ಟಿ ನಾದವನ್ನು ಫೋನಿನಲ್ಲಿ ದಾಖಲಿಸಿಯೂ ನೋಡಿದೆ. ಬಿರುಕು ಬಿಟ್ಟಿರುವುದು ಗೊತ್ತಾಗುತ್ತದೆ, ತಯಾರಕರು ಗೊತ್ತಾಗುವುದಿಲ್ಲ.

ಒಳಗೆ ಸಣ್ಣ ಗೀರುಹಲ್ಲುಗಳಿರುವ ಸಾಕೆಟ್ಟುಗಳು ಹಲವರನ್ನು ವರ್ಷಗಟ್ಟಲೆ ಕಾಡಿವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಡೀಸೆಲ್ ಸಾಲುಪಂಪಿನ (ಇನ್‌ಲೈನ್ ಪಂಪ್) ಡೆಲಿವರಿ ವಾಲ್ವ್ ಹೋಲ್ಡರ್ ಬಿಚ್ಚುವಂಥವು. ಅಚ್ಚು ತೆಗೆದು ಹಲ್ಲು ಎಣಿಸಿ, ಪಂಪ್ ರಿಪೇರಿ ಮಾಡುವವರ ಮುಂದಿಟ್ಟರೆ ಅವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ಉಪಕರಣವನ್ನೇ ತೋರಿಸಿದಾಗ ಅವರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅವರ ಕಣ್ಣಿಗೆ ಪರಿಚಯವಿರುವುದು ಹೋಲ್ಡರ್, ಸಾಕೆಟ್ಟಲ್ಲ.

ಕ್ಯಾಟಲಾಗನ್ನೇ ನಂಬಿದವರು ಎಂದಿಗೂ ಗೆಲ್ಲಲಾಗದ ಇನ್ನೊಂದು ವರ್ಗವಿದೆ: ನಮ್ಮ ಮೇಸ್ತ್ರಿಗಳೇ ಲೇತಿನಲ್ಲಿ ತಿರುಗಿಸಿ, ಬೆಸುಗೆ ಹಾಕಿ ಮಾಡಿಕೊಂಡ ಸಾಮಾನುಗಳು. ಅಂತಹ ಒಂದು ಬೋಲ್ಟ್ ಮೈಸೂರಿನ ಕಡೆಯಿಂದ ಬಂದಿತ್ತು. ತಲೆಗೆ ಕಬ್ಬಿಣದ ಸರಳನ್ನು ಅಡ್ಡಲಾಗಿ ಬೆಸೆದಿದ್ದರು, ತುದಿಯನ್ನು ಉದ್ದಕ್ಕೆ ಕಡೆದು ಸಪೂರ ಮಾಡಿದ್ದರು, ಅಕ್ಷರವಂತೂ ಇರಲೇ ಇಲ್ಲ. ಥ್ರೆಡ್ 60 ಡಿಗ್ರಿಯ ಮೆಟ್ರಿಕ್ ಆಗಿದ್ದುದರಿಂದ ಬ್ರಿಟಿಷ್ ಗಾಡಿಗಳೆಲ್ಲ ಪಟ್ಟಿಯಿಂದ ಹೊರಬಿದ್ದವು. ತುದಿ ಜಜ್ಜಿಹೋಗಿದ್ದುದರಿಂದ ಅದು ಏನನ್ನೋ ಬಿಗಿಯಲು ಅಲ್ಲ, ತಳ್ಳಲು ಮಾಡಿದ್ದೆಂದು ತಿಳಿಯಿತು. ಜಾವಾದ ಡೈನಮೋ ರೋಟರಿನೊಳಗೆ ಅದನ್ನು ತಿರುಗಿಸಿದಾಗ ತುದಿ ಕ್ರ್ಯಾಂಕಿನ ಕೊನೆಗೆ ತಾಗಿ, ರೋಟರ್ ಒಂದು ಸದ್ದಿನೊಂದಿಗೆ ಕಳಚಿ ಕೈಗೆ ಬಂತು. ಈಗ ಆ ಬೋಲ್ಟಿಗೆ ಕಟ್ಟಿರುವ ಚೀಟಿಯಲ್ಲಿ ಅದರ ಅಳತೆ, ಕೊಂಡ ಬೆಲೆ ಮತ್ತು ಕೆಲಸ ಮೂರನ್ನೂ ಬರೆದಿದ್ದೇನೆ, ಜಾವಾ ಇಟ್ಟುಕೊಂಡಿರುವ ಗೆಳೆಯರು ರೋಟರ್ ಕೀಳಬೇಕಾದಾಗಲೆಲ್ಲ ಅದನ್ನೇ ಒಯ್ಯುತ್ತಾರೆ.