ಕೇಳಿಸಲಿಲ್ಲ ಅಂದ್ರೆ ಮತ್ತೆ ಕೇಳಪ್ಪ

ವಿಮಾನ ನಿಲ್ದಾಣದ ಟವರ್‌ನಲ್ಲಿ ಕೂತು ಪೈಲಟ್‌ಗಳಿಗೆ ರೇಡಿಯೊದಲ್ಲಿ ಸೂಚನೆ ಕೊಡುವ ಕೆಲಸದಿಂದ ರಿಟೈರ್ ಆಗಿ ಬಳ್ಳಾರಿಗೆ ವಾಪಸ್ ಬಂದ ಮೇಲೆ, ಕೌಲ್ ಬಜಾರಿನ ನಮ್ಮ ಮನೆ ಮಹಡಿಯಲ್ಲಿ ಪೈಲಟ್ ಆಗಬೇಕೆಂದಿರುವ ಹುಡುಗ ಹುಡುಗಿಯರಿಗೆ ರೇಡಿಯೊದಲ್ಲಿ ಮಾತಾಡೋದನ್ನು ಕಲಿಸುತ್ತಿದ್ದೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಂದ್ರೆ ಆರ್‌ಟಿಆರ್ ಅನ್ನೋ ರೇಡಿಯೊ ಮಾತುಕತೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅದರಲ್ಲಿ ಬಾಯಿಬಿಟ್ಟು ಮಾತಾಡಿಯೇ ತೋರಿಸಬೇಕಾದ ಭಾಗ ಒಂದಿದೆ. ಪುಸ್ತಕ ಉರು ಹೊಡೆದವರು ಮುಗ್ಗರಿಸೋದು ಅಲ್ಲೇ.

ಹೊಸಬರು ಬಂದ ಕೂಡಲೇ ಹೇಳೋದು ಒಂದೇ: "ಸರ್, ನಂದು ಕನ್ನಡ ಮೀಡಿಯಂ, ಇಂಗ್ಲಿಷ್ ವೀಕು." ನನಗೆ ಅದು ದೊಡ್ಡ ವಿಷಯ ಅಲ್ಲ. ಬೇರೆ ದೇಶಗಳಿಗೆ ಹಾರುವ ಪೈಲಟ್‌ಗಳಿಗೆ 2008ರಿಂದ ಇಂಗ್ಲಿಷಿನಲ್ಲಿ ಕನಿಷ್ಠ 4ನೇ ಹಂತ ಬೇಕು ಅನ್ನೋ ನಿಯಮ ಇದೆ, ನಿಜ. ಆದರೆ ಆ ಹಂತಕ್ಕೂ ನಮ್ಮ ಊರಿನ ಧಾಟಿ ಅಡ್ಡಿ ಬರೋದಿಲ್ಲ, ಕೇಳುವವರಿಗೆ ಅರ್ಥವಾದರೆ ಸಾಕು. ನನಗೆ ತಲೆನೋವು ತಂದದ್ದು ಇನ್ನೊಂದು ಚಾಳಿ. ದೊಡ್ಡವರು ಏನೋ ಹೇಳುತ್ತಾರೆ, ಅರ್ಧ ಕೇಳಿಸುತ್ತೆ, "ಹ್ಞೂಂ ರೀ" ಅಂದು ಸುಮ್ನಾಗಿಬಿಡುತ್ತೇವೆ. ಆಮೇಲೆ ಹೊರಗೆ ಬಂದು ಪಕ್ಕದವರನ್ನು ಕೇಳುತ್ತೇವೆ, ಅಲ್ವಾ? ಆಕಾಶದಲ್ಲಿ ಪಕ್ಕದವರು ಯಾರೂ ಇರೋದಿಲ್ಲ.

ಪಾಠಕ್ಕೆ ಬೇಕಾಗಿದ್ದು ಎರಡು ಕೋಣೆ, ಎರಡು ವಾಕಿಟಾಕಿ. ಒಂದು ಕೋಣೆ ಟವರ್, ಇನ್ನೊಂದು ಕಾಕ್‌ಪಿಟ್. ಕೆಳಗಿನ ಮನೆಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಇದೆ, ಬೆಳಗ್ಗೆಯಿಂದ ಮಿಷಿನ್‌ಗಳು ಗರ್ ಅನ್ನುತ್ತಿರುತ್ತವೆ. ಕಾಕ್‌ಪಿಟ್ ಕೋಣೆಯಲ್ಲಿ ಹಳೇ ಕೂಲರ್ ಬೇರೆ. ಕಿಟಕಿ ಮುಚ್ಚೋಣ ಸರ್ ಅಂತಾರೆ. ಮುಚ್ಚಲು ಬಿಡೋದಿಲ್ಲ. ಇಷ್ಟು ಸದ್ದಿನಲ್ಲಿ ಕಿವಿ ಪಳಗಿದರೆ ಮುಂದೆ ಅನುಕೂಲ.

ಮೊದಲು ಕಲಿಸೋದು ರೀಡ್‌ಬ್ಯಾಕ್. ಟವರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು. ರನ್‌ವೇ ಮೇಲೆ ಬರಬಹುದಾ, ದಾಟಬಹುದಾ, ಹೊರಗೇ ನಿಲ್ಲಬೇಕಾ. ಎಷ್ಟು ಎತ್ತರ, ಯಾವ ದಿಕ್ಕು, ಎಷ್ಟು ವೇಗ, ಗಾಳಿಯ ಒತ್ತಡದ ಸೆಟ್ಟಿಂಗ್ ಎಷ್ಟು, ಇವನ್ನೆಲ್ಲ ಬಿಡದೆ ಹೇಳಬೇಕು. ಬರೀ "ರೋಜರ್" ಅಂದ್ರೆ ನಡೆಯೋದಿಲ್ಲ. ಕೇಳಿಸಿತು ಅಂತ ಮಾತ್ರ ಅದರ ಅರ್ಥ, ಏನು ಕೇಳಿಸಿತು ಅಂತ ಟವರಿಗೆ ಹೇಗೆ ಗೊತ್ತಾಗಬೇಕು?

ಇದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕಷ್ಟ ಇರೋದು ಟವರ್ ಕಡೆ. ಅದಕ್ಕೇ ಪ್ರತಿಯೊಬ್ಬರನ್ನೂ ಟವರ್ ಕೋಣೆಯಲ್ಲಿ ಕೂರಿಸುತ್ತೇನೆ. ಪೈಲಟ್ ಆದವನಿಗೆ ಒಂದು ಅಂಕಿ ಬೇಕಂತಲೇ ತಪ್ಪು ಹೇಳು ಅಂತ ಕಿವಿಯಲ್ಲಿ ಹೇಳಿರುತ್ತೇನೆ. ಬಹಳ ಸಲ ಟವರ್‌ನವನು ಹಿಡಿಯೋದೇ ಇಲ್ಲ! ತಾನು 'ತ್ರೀ ಥೌಸಂಡ್' ಅಂದಿದ್ದೇನೆ, ಅದೇ ವಾಪಸ್ ಬರುತ್ತೆ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ಕಿವಿಗೆ ಅಲ್ಲಿ ಕೆಲಸವೇ ಇಲ್ಲ.

1989ರ ಫೆಬ್ರವರಿ 19ರಂದು ಕೌಲಾಲಂಪುರದ ಹತ್ತಿರ ಆಗಿದ್ದು ಇದೇ. ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747. 2400 ಅಡಿಗೆ ಇಳಿಯಿರಿ ಅನ್ನೋದಕ್ಕೆ ಕಂಟ್ರೋಲರ್ 'ಡಿಸೆಂಡ್ ಟೂ ಫೋರ್ ಝೀರೋ ಝೀರೋ' ಅಂದರು. ಪೈಲಟ್‌ಗಳು ಮೊದಲಿನ 'ಟೂ'ವನ್ನು ಎರಡು ಅನ್ನೋ ಅಂಕಿ ಅಂದುಕೊಳ್ಳಲಿಲ್ಲ, 'ಗೆ' ಅನ್ನೋ ಅರ್ಥದ ಇಂಗ್ಲಿಷ್ 'ಟು' ಅಂದುಕೊಂಡರು. 400 ಅಡಿ'ಗೆ' ಇಳಿಯಿರಿ ಅಂದುಕೊಂಡರು. 'ಓಕೆ, ಫೋರ್ ಝೀರೋ ಝೀರೋ' ಅಂತ ತಿರುಗಿಯೂ ಹೇಳಿದರು. ಟವರ್ ತಡೆಯಲಿಲ್ಲ. ನೆಲ ಹತ್ತಿರ ಬಂತು ಅಂತ ವಿಮಾನದ ಯಂತ್ರ ಕೂಗಿಕೊಂಡರೂ ಕಾಕ್‌ಪಿಟ್‌ನಲ್ಲಿ ಯಾರೂ ಲೆಕ್ಕಿಸಲಿಲ್ಲ. ಗುಡ್ಡಕ್ಕೆ ಬಡಿದು ನಾಲ್ಕೂ ಜನ ಸತ್ತರು. ನಮ್ಮ ಕೋಣೆಯಲ್ಲಿ ಬಿಡಿ ಬಿಡಿ ಅಂಕಿ ಹೇಳಿ ಎತ್ತರ ತಿಳಿಸಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. 'ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್' ಅಂತ ಪೂರ್ತಿ ಬರಬೇಕು.

ಇನ್ನು ಆ "ಹ್ಞೂಂ ರೀ" ಚಾಳಿ. ಅದಕ್ಕೆ ನಾನು ಮಾಡೋದು ಇಷ್ಟೇ: ಟವರ್ ಕೋಣೆಯಲ್ಲಿ ನಾನೇ ಕೂತು, ಬೇಕಂತಲೇ ಗೊಣಗುತ್ತೇನೆ. ಬಟನ್ ಪೂರ್ತಿ ಒತ್ತುವ ಮೊದಲೇ ಮಾತು ಶುರು ಮಾಡುತ್ತೇನೆ, ಮೊದಲ ಪದ ನುಂಗಿಹೋಗುತ್ತೆ. ಊಹಿಸಿ ಉತ್ತರ ಕೊಟ್ಟವರು, ಊಹೆ ಸರಿ ಇದ್ದರೂ, ಫೇಲು. ಸಿರುಗುಪ್ಪದ ಕಡೆಯ ಒಬ್ಬ ಹುಡುಗ ಒಮ್ಮೆ ಸಿಟ್ಟಾದ.

"ಸರ್, ನಾನು ಹೇಳಿದ್ದು ಕರೆಕ್ಟ್ ಇತ್ತಲ್ರೀ?"

"ಇತ್ತು. ನಿನಗೆ ಕೇಳಿಸಿತ್ತಾ?"

"ಇಲ್ರೀ. ಪದೇ ಪದೇ ಕೇಳಿದ್ರೆ ಬೈತಾರೇನೋ ಅಂತ..."

"ಬೈದ್ರೆ ಬೈಸ್ಕೋ. ಮತ್ತೆ ಕೇಳಪ್ಪ."

ಅವನಿಗೆ ಅವತ್ತು ಹೇಳಿದ್ದು ಏವಿಯಾಂಕಾ 52ರ ಕಥೆ. 1990ರ ಜನವರಿ 25, ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ವಿಮಾನ. ಹವಾಮಾನ ಕೆಟ್ಟಿತ್ತು, ಒಂದು ಗಂಟೆಗೂ ಜಾಸ್ತಿ ಹೊತ್ತು ಆಕಾಶದಲ್ಲೇ ಸುತ್ತಿಸಿದರು. ಇಂಧನ ತಳ ಹಿಡಿಯಿತು. ಇಳಿಯುವ ಮೊದಲ ಪ್ರಯತ್ನ ಕೈಕೊಟ್ಟಿತು. ಎಮರ್ಜೆನ್ಸಿ ಅಂತ ಹೇಳು ಅಂತ ಕ್ಯಾಪ್ಟನ್ ಹೇಳಿದರೂ, ಫಸ್ಟ್ ಆಫೀಸರ್ ರೇಡಿಯೊದಲ್ಲಿ ಆ ಪದವನ್ನೇ ಬಳಸಲಿಲ್ಲ. ನಮ್ಮ ಇಂಧನ ಮುಗೀತಾ ಇದೆ ಅಂತ ಮಾತಿನ ಕೊನೆಗೆ ಸೇರಿಸಿದರು, ಅಷ್ಟೇ. ಟವರ್‌ನವರು ಅದನ್ನು ಎಲ್ಲರೂ ಹೇಳುವ ಮಾತು ಅಂದುಕೊಂಡರು. ಮತ್ತೊಂದು ಸುತ್ತು ಬರುವಾಗ ಎಂಜಿನ್‌ಗಳು ನಿಂತವು. 73 ಜನ ಸತ್ತರು. ಪ್ರಾಣಕ್ಕೆ ಅಪಾಯ ಇದೆ ಅಂತ ತಿಳಿಸುವ 'ಮೇಡೇ' ಅನ್ನೋ ಪದ ಅಂದಿದ್ದರೆ ದಾರಿ ಬಿಟ್ಟುಕೊಡುತ್ತಿದ್ದರು. ಟವರ್‌ನಲ್ಲಿ ಕೂತಿದ್ದವನಾಗಿ ಹೇಳುತ್ತೇನೆ, ಆ ಒಂದು ಪದ ಕಿವಿಗೆ ಬಿದ್ದರೆ ನಾವು ಕೈಯಲ್ಲಿರುವುದನ್ನೆಲ್ಲ ಬಿಟ್ಟು ಅತ್ತ ತಿರುಗುತ್ತೇವೆ.

ಟೆನೆರಿಫ್ ಅಪಘಾತವನ್ನು ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. 1977, ಮಂಜು ಮುಸುಕಿದ ರನ್‌ವೇ, ಎರಡು 747, 583 ಸಾವು. ಮೇಲೇರಲು ಓಡುತ್ತಿದ್ದ ಕೆಎಲ್‌ಎಂ ವಿಮಾನ ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಬಡಿದಿತ್ತು. ನಾನು ಕೇಳೋದು ಒಂದೇ ಪ್ರಶ್ನೆ: ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಅನುಮಾನ ಬಂದಿದ್ದು ಯಾರಿಗೆ? ಬಹಳ ಜನಕ್ಕೆ ಗೊತ್ತಿರೋದಿಲ್ಲ. ಫ್ಲೈಟ್ ಎಂಜಿನಿಯರ್‌ಗೆ. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಅವರು ಕೇಳಿದ್ದರು. ಬಿಟ್ಟಿದೆ ಅಂತ ಮೇಲಿನವರು ಜೋರಾಗಿ ಅಂದರು, ಎಂಜಿನಿಯರ್ ಸುಮ್ಮನಾದರು.

ತಪ್ಪೆಲ್ಲ ಪೈಲಟ್‌ಗಳದ್ದೇ ಅನ್ನೋದು ಅನ್ಯಾಯ. ಟ್ರಾಫಿಕ್ ಜಾಸ್ತಿ ಇದ್ದಾಗ ಟವರ್‌ನ ನಮ್ಮವರು ಒಂದೇ ಉಸಿರಿಗೆ ದಿಕ್ಕು, ಎತ್ತರ, ವೇಗ, ಮುಂದಿನ ಫ್ರೀಕ್ವೆನ್ಸಿ ಎಲ್ಲ ಸುರಿದುಬಿಡುತ್ತಾರೆ. ಅದಕ್ಕೇ ನನ್ನ ಹುಡುಗರಿಗೆ ಮತ್ತೆ ಹೇಳಿ ಅನ್ನೋ 'ಸೇ ಅಗೇನ್' ಜೊತೆ ಇನ್ನೆರಡನ್ನು ಬಾಯಿಪಾಠ ಮಾಡಿಸಿದ್ದೇನೆ. ಒಂದು 'ಸ್ಪೀಕ್ ಸ್ಲೋವರ್'. ಇನ್ನೊಂದು 'ಸೇ ಅಗೇನ್ ಆಲ್ ಆಫ್ಟರ್', ಅಂದರೆ ಇಂಥ ಪದದ ಮುಂದಿನದ್ದಷ್ಟೇ ಮತ್ತೆ ಹೇಳಿ ಅಂತ. ಎರಡೂ ನಿಯಮದಲ್ಲೇ ಇರುವ ಮಾತು, ಟವರ್‌ನವರು ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಸಿರುಗುಪ್ಪದ ಹುಡುಗ ಈಗ ಇವನ್ನು ನನ್ನ ಮೇಲೇ ಬಳಸುತ್ತಾನೆ, ಪಾಠ ಹೇಳುವಾಗಲೂ.