ಸರ್ಜರಿ ಆದ ಮೇಲೂ ತೂಕ ಏರುತ್ತಿದೆಯಾ? ಮೊದಲು ಕುರುಕಲಿನ ಡಬ್ಬಿ ನೋಡಿ

ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್, ಮಾಡಿಸಿಕೊಂಡು ಎರಡು ಮೂರು ವರ್ಷವಾದವರು ನನ್ನ ಮುಂದೆ ಕೂತಾಗ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. ‘ಮೇಡಂ, ಮತ್ತೆ ಹನ್ನೊಂದು ಕೆಜಿ ಬಂತು. ಊಟ ಮಾತ್ರ ಎರಡೇ ಹಿಡಿ, ದೇವರಾಣೆ.’ ಸುಳ್ಳು ಹೇಳುತ್ತಿರುವುದಿಲ್ಲ. ಊಟ ನಿಜವಾಗಿಯೂ ಎರಡೇ ಹಿಡಿ. ಡಯೆಟಿಷಿಯನ್ ಆಗಿ ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಊಟದ ವಿಷಯ ಕೊನೆಗೆ ಎತ್ತುತ್ತೇನೆ. ಕುರುಕಲಿನ ಡಬ್ಬಿ ಮನೆಯಲ್ಲಿ ಎಲ್ಲಿಡುತ್ತೀರಿ ಅಂತ ಮೊದಲು ಕೇಳುತ್ತೇನೆ.

ಹಂತ 1: ನಿಜಕ್ಕೂ ಏರಿದೆಯಾ?

ಸ್ಲೀವ್ (ಜಠರದ ಬಹುಪಾಲು ಕತ್ತರಿಸಿ ತೆಗೆಯುವುದು) ಇರಲಿ, ಬೈಪಾಸ್ (ಜಠರದ ಮೇಲ್ಭಾಗದಲ್ಲಿ ಪುಟ್ಟ ಹೊಟ್ಟೆ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವುದು) ಇರಲಿ, ತೂಕ ಎಲ್ಲಕ್ಕಿಂತ ಕೆಳಗೆ ಬರುವುದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ. ಆಮೇಲೆ ಸ್ವಲ್ಪ ಏರುವುದು ಸಹಜ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಉಳಿದದ್ದು ಶೇ 25. ನೂರು ಕೆಜಿಯವರು 68ಕ್ಕೆ ಇಳಿದು 75ಕ್ಕೆ ಬಂದು ನಿಂತ ಹಾಗೆ. ಇಷ್ಟಕ್ಕೆ ನಿದ್ದೆಗೆಡಬೇಡಿ.

ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಕಾಫಿಗೆ ಮುಂಚೆ ತೂಕ ನೋಡಿ. ದಿನಾ ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ತಿಂಗಳು ಬಿಡದೆ ಏರುತ್ತಲೇ ಇದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಮೂರು ದಿನ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಬರೆಯಿರಿ ಅಂದರೆ ತಿಂಡಿ, ಊಟ, ರಾತ್ರಿ ಊಟ ಅಂತ ಮೂರು ಸಾಲು ಬರೆದು ತರುತ್ತಾರೆ. ಅದಲ್ಲ ಬೇಕಾಗಿರೋದು. ಬಾಯಾಡಿಸಿದ್ದೆಲ್ಲ ಬರಬೇಕು. ಮಗು ಬಿಟ್ಟ ದೋಸೆ ಅಂಚು, ಉಪ್ಪು ನೋಡಲು ಬಾಯಿಗೆ ಹಾಕಿದ ಚಮಚ, ಕಾಫಿಗೆ ಅದ್ದಿದ ರಸ್ಕ್, ಪಕ್ಕದ ಮನೆಯ ಪ್ರಸಾದ, ಟಿವಿ ಮುಂದಿನ ಮಂಡಕ್ಕಿ. ಎರಡು ಚಮಚ ಸಕ್ಕರೆಯ ಕಾಫಿ ಒಂದಕ್ಕೆ ಸುಮಾರು ನೂರು ಕ್ಯಾಲರಿ. ನಾಲ್ಕು ಕುಡಿದರೆ ನೀವೇ ಲೆಕ್ಕ ಹಾಕಿ.

ಹೊಟ್ಟೆ ಇದನ್ನೆಲ್ಲ ಯಾಕೆ ತಡೆಯುವುದಿಲ್ಲ? ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರುತ್ತಾರೆ, ಉಳಿಯುವುದು ಒಂದು ಕೊಳವೆ. ಗಟ್ಟಿ ಆಹಾರ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ‘ಸಾಕು’ ಅನ್ನಿಸುತ್ತದೆ. ಚಿಪ್ಸ್, ಬಿಸ್ಕತ್ತು, ಖಾರಾ, ಐಸ್‌ಕ್ರೀಂ ಹಾಗಲ್ಲ. ಬಾಯಲ್ಲೇ ಕರಗಿ ಜಾರಿಹೋಗುತ್ತವೆ. ಅರ್ಧ ಚಪಾತಿಗೆ ‘ಸಾಕಪ್ಪಾ’ ಅನ್ನುವ ಹೊಟ್ಟೆ ಒಂದಿಡೀ ಪ್ಯಾಕೆಟ್ ಚಿಪ್ಸ್‌ಗೆ ತಕರಾರೇ ಮಾಡುವುದಿಲ್ಲ.

ಬರೆಯುವ ಕ್ರಮ ಹೀಗಿರಲಿ. ಮೂರರಲ್ಲಿ ಒಂದು ದಿನ ಭಾನುವಾರ ಇರಬೇಕು. ಬಾಯಿಗೆ ಹಾಕುವ ಮುಂಚೆಯೇ ಬರೆಯಬೇಕು, ರಾತ್ರಿ ನೆನಪು ಮಾಡಿಕೊಂಡು ಅಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ ಸಾಕು, ಅಡುಗೆಮನೆಯಲ್ಲೇ ಅಂಟಿಸಿ. ಮೊಬೈಲ್ ಆ್ಯಪ್ ನನಗಿಷ್ಟವಿಲ್ಲ, ಅದಕ್ಕೆ ನಿಮ್ಮ ಮನೆ ಹುಳಿ ಗೊತ್ತಿರುವುದಿಲ್ಲ. ಎಷ್ಟು ಹೊತ್ತಿಗೆ, ಏನು, ಯಾಕೆ ಅಂತ ಮೂರು ಕಾಲಂ. ‘ಯಾಕೆ’ಯಲ್ಲಿ ಹಸಿವು, ಬೇಜಾರು, ಚೆಲ್ಲಬಾರದು ಅಂತ, ಏನಿದ್ದರೆ ಅದು. ‘ಚೆಲ್ಲಬಾರದು ಅಂತ’ ಎಂಬುದು ಅಮ್ಮಂದಿರ ಹಾಳೆಯಲ್ಲಿ ಎಷ್ಟು ಸಲ ಇರುತ್ತೆ ಗೊತ್ತಾ!

ಆ ಮೂರು ದಿನ ಒಳ್ಳೆಯವರಾಗಬೇಡಿ. ಪರೀಕ್ಷೆಗೆ ಓದಿದ ಹಾಗೆ ತಿಂದು ತಂದ ಹಾಳೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಒಬ್ಬರು ಬಲು ಅಚ್ಚುಕಟ್ಟಾಗಿ ಬರೆದು ತಂದಿದ್ದರು. ಸಂಜೆ ನಾಲ್ಕರಿಂದ ಏಳರವರೆಗೆ ಮಾತ್ರ ಖಾಲಿ. ಪಕ್ಕದಲ್ಲಿದ್ದ ಮಗಳು ಮೆಲ್ಲಗೆ ಕೇಳಿದಳು: ‘ಅಮ್ಮ, ಚೂಡಾ?’

ಹಾಳೆ ತುಂಬಿದ ಮೇಲೆ ಬಾಯಾಡಿಸುವುದು ಜಾಸ್ತಿ ಇರುವ ಒಂದೇ ಹೊತ್ತಿಗೆ ಸುತ್ತು ಹಾಕಿ. ಅದೊಂದನ್ನು ಮಾತ್ರ ಸರಿಮಾಡಿ. ಆ ಹೊತ್ತಿಗೆ ಕೂತು ತಿನ್ನುವ ಏನಾದರೂ ಇಟ್ಟುಕೊಳ್ಳಿ. ಬೇಯಿಸಿದ ಮೊಟ್ಟೆ, ಹೆಸರುಕಾಳು ಉಸಲಿ, ಪನೀರ್ ತುಂಡು. ಡಬ್ಬಿಯನ್ನು ಅಟ್ಟಕ್ಕೆ ಹಾಕುವುದು ಪರಿಹಾರವಲ್ಲ, ಸ್ಟೂಲ್ ಎಲ್ಲರ ಮನೆಯಲ್ಲೂ ಇದೆ. ತರುವುದನ್ನೇ ಬಿಡಿ.

ಹಂತ 3: ತಟ್ಟೆಯ ಸರದಿ ಬದಲಿಸಿ

ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನವೋ ಮುದ್ದೆಯೋ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು (ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ). ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18, 30 ಗ್ರಾಂ ಒಣ ಸೋಯಾ ತುಂಡಿನಲ್ಲಿ 15. ತಿಳಿಸಾರು ಬಗ್ಗಿಸಿಕೊಂಡು ‘ಬೇಳೆ ತಿಂದೆ’ ಅನ್ನಬೇಡಿ. ಮುದ್ದೆ ನುಂಗುವ ಅಭ್ಯಾಸ ಇದ್ದವರು ಮೊಳಕೆಕಾಳನ್ನು ಮೊದಲು ಅಗಿದು ತಿಂದು, ನಿಂಬೆಹಣ್ಣಿನಷ್ಟು ಮುದ್ದೆ ಕೊನೆಗಿಟ್ಟುಕೊಳ್ಳಿ. ಅದನ್ನೂ ಅಗಿಯಬೇಕು, ನಮ್ಮಜ್ಜಿ ನೋಡಿದರೆ ನಗುತ್ತಿದ್ದರು, ಇರಲಿ.

ಊಟದ ಜೊತೆ ನೀರು ಬೇಡ, ಊಟವಾದ ಮೇಲೂ ಅರ್ಧ ಗಂಟೆ ಬೇಡ. ಕೊನೆಗೆ ಮಜ್ಜಿಗೆ ಸುರಿದುಕೊಂಡು ಕಲಸುವುದು ನಮ್ಮ ಪದ್ಧತಿ. ನಿಮ್ಮ ಪಾಲಿಗೆ ಅದು ತಿಂದದ್ದನ್ನು ಬೇಗ ಕೆಳಗೆ ಸಾಗಿಸಿದ ಹಾಗೆ. ಮಜ್ಜಿಗೆಯನ್ನು ಮಧ್ಯಾಹ್ನ ಮೂರಕ್ಕೆ ಬೇರೆಯಾಗಿ ಕುಡಿಯಿರಿ.

ಇಲ್ಲಿ ಎರಡು ಮೋಸ ಹೇಳಬೇಕು. ಒಂದು, ಶಕ್ತಿ ಬರುತ್ತೆ ಅಂತ ಕುಡಿಯುವ ಮಾಲ್ಟ್ ಪುಡಿ. ಬಹಳಷ್ಟರಲ್ಲಿ ಸಕ್ಕರೆಯೇ ಜಾಸ್ತಿ. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಇನ್ನೊಂದು, ಐದು ದಿನ ಬರೀ ದ್ರವ ಕುಡಿದು ಹೊಟ್ಟೆಯನ್ನು ‘ರೀಸೆಟ್’ ಮಾಡುವುದು. ಹಿಗ್ಗಿದ ಹೊಟ್ಟೆ ಐದು ದಿನದಲ್ಲಿ ಕುಗ್ಗುವುದಿಲ್ಲ. ಆರನೇ ದಿನ ಹಸಿವು ಬಡ್ಡಿ ಸಮೇತ ಬರುತ್ತದೆ.

ಹಂತ 4: ನಡೆಯಿರಿ, ಭಾರ ಎತ್ತಿ

ದಿನಾ ನಡಿಗೆ, ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರುಮಾಡಿ.

ಹಂತ 5: ಡಾಕ್ಟರ ಹತ್ತಿರ ಹೋಗಿ

ನಾಚಿಕೆಯಿಂದ ಇದನ್ನು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ತಪ್ಪೆಲ್ಲ ನಿಮ್ಮದೇ ಆಗಿರಬೇಕಿಲ್ಲ. ಥೈರಾಯ್ಡ್ ನೋಡಬೇಕು. ಇನ್ಸುಲಿನ್, ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಕೇಳಿ. ಬೈಪಾಸ್ ಆದವರಲ್ಲಿ ಅಪರೂಪಕ್ಕೆ ಪುಟ್ಟ ಹೊಟ್ಟೆಗೂ ಹಳೇ ಹೊಟ್ಟೆಗೂ ನಡುವೆ ದಾರಿ ಬಿದ್ದಿರುತ್ತದೆ. ಅದು ಎಂಡೋಸ್ಕೋಪಿ, ಎಕ್ಸ್‌ರೇಯಲ್ಲಿ ಕಾಣುತ್ತದೆ. ತೂಕ ಬಂತಲ್ಲ, ಪುಷ್ಟಿ ಇದೆ ಅಂತ ವಿಟಮಿನ್ ಮಾತ್ರೆ ಬಿಡಬೇಡಿ. ದಪ್ಪಗಿದ್ದವರಲ್ಲೂ ಬಿ12, ಕಬ್ಬಿಣ ಕಡಿಮೆ ಇರುತ್ತದೆ.

ಈಗ ಎಲ್ಲರೂ ಕೇಳುವುದು ತೂಕ ಇಳಿಸುವ ಇಂಜೆಕ್ಷನ್. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೆ ಬಂದವು. ಸರ್ಜರಿ ಆದವರಿಗೂ ಡಾಕ್ಟರು ಕೊಡುತ್ತಾರೆ, ಕೆಲಸವನ್ನೂ ಮಾಡುತ್ತವೆ. ಆದರೆ ಹಸಿವು ಇನ್ನಷ್ಟು ಕಡಿಮೆಯಾಗಿ ಪ್ರೋಟೀನ್ ತಪ್ಪುತ್ತದೆ, ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ಪರಿಚಯದವರ ಇಂಜೆಕ್ಷನ್ ಪೆನ್ ತಂದು ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಸ್ಲೀವ್ ಅನ್ನು ಬೈಪಾಸ್‌ಗೆ ಬದಲಿಸುವ ಎರಡನೇ ಸರ್ಜರಿಯೂ ಉಂಟು. ಮೊದಲನೆಯದಕ್ಕಿಂತ ಅಪಾಯ ಜಾಸ್ತಿ, ಅದಕ್ಕೇ ನಾನು ಅದನ್ನು ಪಟ್ಟಿಯ ಕೊನೆಗಿಡುತ್ತೇನೆ.

ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮರಿ ಹುಡುಕಿ ತಗೊಂಡು ಹೋಗಿ. ಯಾವ ಸರ್ಜರಿ ಆಗಿತ್ತು ಅಂತ ಕೇಳಿದರೆ ‘ಹೊಟ್ಟೇದು’ ಅನ್ನುವವರು ಬೇಕಾದಷ್ಟು ಜನ.